ಹಾಯುವ ಎತ್ತೂ ನಂಜಿನ ಹೊಲವೂ



ಕೆಲವು ದಿವಸಗಳ ಹಿಂದೆ ಕರ್ತನ ದಿನದ ಆರಾಧನೆ ಮುಗಿದು ಜನರು ಮನೆಗಳಿಗೆ ಹೋದ ಮೇಲೆ, ವಯಸ್ಸಿನಲ್ಲಿ ನನಗಿಂತ ಹಿರಿಯರಾದ ಒಬ್ಬ ರೈತ ಸಹೋದರರು ದೇವಾಲಯದ ಕಟ್ಟೆಯ ಮೇಲೆ ನನ್ನ ಬಳಿಯಲ್ಲಿ ಕುಳಿತು ಒಂದು ಮಾತನ್ನು ಕೇಳಿದರು. “ಉಪದೇಶಿಯವರೇ, ನಮ್ಮ ಸೀಮೆಯ ಕೆಲವು ಕಡೆಗಳಲ್ಲಿ ನೀರಿನೊಳಗೂ ಮಣ್ಣಿನೊಳಗೂ ನಂಜು ಇದೆಯೆಂದು ಹೇಳುತ್ತಾರಷ್ಟೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು ಹೊಲಕ್ಕೆ ಬಿಟ್ಟರೆ ಅವು ಆ ನಂಜನ್ನು ತಿಂದು ಮಣ್ಣನ್ನು ಶುದ್ಧಮಾಡುತ್ತವೆಂದು ಈಗ ಕೇಳಿದ್ದೇನೆ. ಅದು ನಿಜವಾದರೆ, ಅಂಥ ಹೊಲದ ಧಾನ್ಯವನ್ನು ಯಾರಿಗೂ ಏನೂ ಹೇಳದೆ ಸಂತೆಗೆ ಒಯ್ದು ಮಾರುವದರಲ್ಲಿ ತಪ್ಪೇನಿದೆ?” ಎಂದರು.

ಅವರ ಸ್ವಂತ ಹೊಲದಲ್ಲಿ ನಂಜು ಇದೆಯೆಂದು ಯಾರೂ ತೋರಿಸಿದ್ದಿಲ್ಲ. ಆದರೂ ಅವರು ಹಾಸ್ಯಕ್ಕಾಗಿ ಕೇಳಲಿಲ್ಲವೆಂಬದು ಅವರ ಮುಖದಿಂದಲೇ ತಿಳಿದುಬಂತು. ಆ ದಿನ ತಕ್ಕ ಉತ್ತರವನ್ನು ಕೊಡಲಾರದೆ, “ವಿಚಾರಿಸಿ ಹೇಳುತ್ತೇನೆ, ಕಾಕಾ” ಎಂದಷ್ಟೇ ಹೇಳಿ ಎದ್ದೆನು. ಅನಂತರ ಓದಿ ತಿಳಿದದ್ದನ್ನೂ ದೇವರ ವಾಕ್ಯದ ಬೆಳಕಿನಲ್ಲಿ ನನಗೆ ತೋರಿದ್ದನ್ನೂ ಇಲ್ಲಿ ಬರೆಯುತ್ತೇನೆ. ಯಾಕಂದರೆ ಈ ಪ್ರಶ್ನೆಯು ಅವರೊಬ್ಬರದಲ್ಲ, ನೆಲವನ್ನು ನಂಬಿ ಬದುಕುವ ನಮ್ಮೆಲ್ಲರದು.

ಮೊದಲು ನಮ್ಮ ಸೀಮೆಯ ಸಂಗತಿಯನ್ನು ಹೇಳುವೆನು. ಶಹಾಪುರ ತಾಲೂಕಿನ ನಮ್ಮ ಗೋಗಿಯು ಪೂರ್ವಕಾಲದಲ್ಲಿ ವಿಜಾಪುರದ ಆದಿಲಶಾಹಿ ಅರಸರ ಸಮಾಧಿಗಳಿಂದ ಹೆಸರಾದ ಊರು. ಆ ವಂಶದ ಮೊದಲನೆಯ ಅರಸನಾಗಿ 1510ರಲ್ಲಿ ತೀರಿಹೋದ ಯೂಸುಫ್ ಆದಿಲಶಾಹನು ಇಲ್ಲಿಯೇ ಹೂಣಲ್ಪಟ್ಟಿದ್ದಾನೆ. ಈಗಲಾದರೋ ಈ ಊರಿನ ಹೆಸರು ನೆಲದೊಳಗಣ ಇನ್ನೊಂದು ವಸ್ತುವಿನಿಂದ ದೂರದವರ ಕಿವಿಗೂ ಬಿದ್ದಿದೆ. ಗೋಗಿಯ ಸುಣ್ಣಕಲ್ಲಿನಲ್ಲಿಯೂ ಅದರ ಅಡಿಯ ಕಗ್ಗಲ್ಲಿನಲ್ಲಿಯೂ ಯುರೇನಿಯಂ ಎಂಬ ಭಾರವಾದ ಲೋಹವು ಇರುವದನ್ನು ಸರಕಾರದ ಪರಮಾಣು ಖನಿಜ ಇಲಾಖೆಯವರು 1990ರ ದಶಕದಲ್ಲಿ ಕಂಡುಹಿಡಿದರು. ತರುವಾಯ ನೆಲದೊಳಕ್ಕೆ ತೋಡಿ ಪರೀಕ್ಷೆಮಾಡಿದರು. ಗಣಿಯಾದರೆ ತಮ್ಮ ಹೊಲಗಳಿಗೂ ಬಾವಿಗಳಿಗೂ ಏನು ಗತಿಯೆಂದು ಊರವರು ಭಯಪಟ್ಟು ವಿರೋಧಿಸಿದ್ದು ನಿಮಗೆ ತಿಳಿದ ವಿಷಯವೇ. ಇಷ್ಟಲ್ಲದೆ, ಈ ಸುತ್ತಿನ ಕೆಲವು ಬಾವಿ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಪ್ರಮಾಣವು, ವಿಶ್ವ ಆರೋಗ್ಯ ಸಂಸ್ಥೆಯವರು ಕುಡಿಯುವ ನೀರಿಗೆ ಗೊತ್ತುಮಾಡಿದ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ಮೇರೆಯನ್ನು ಮೀರಿರುವದಾಗಿ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಂಥ ನೀರು ವರುಷಗಟ್ಟಲೆ ಹೊಟ್ಟೆಗೆ ಹೋದರೆ ವಿಶೇಷವಾಗಿ ಮೂತ್ರಪಿಂಡಗಳಿಗೆ ಕೇಡೆಂದು ವೈದ್ಯರು ಹೇಳುತ್ತಾರೆ. ಇದನ್ನೆಲ್ಲಾ ಮನುಷ್ಯನೇ ನೀರಿಗೆ ಹಾಕಿದನೆಂದು ಹೇಳಲಾಗದು. ಬಂಡೆಯಲ್ಲಿರುವ ಲೋಹವು ಸುಣ್ಣದ ಅಂಶವುಳ್ಳ ನೀರಿನಲ್ಲಿ ತಾನಾಗಿಯೂ ಕರಗಿಬರುವದು.

ಎರಡನೆಯ ಸಂಗತಿಯು ಇದಕ್ಕಿಂತಲೂ ದುಃಖಕರವಾದದ್ದು. ಸುರಪುರ ತಾಲೂಕಿನಲ್ಲಿ, ಬಹುಕಾಲದ ಹಿಂದೆ ಚಿನ್ನ ತೆಗೆದ ಮಂಗಳೂರೆಂಬ ಗ್ರಾಮದ ಸಮೀಪದಲ್ಲಿ (ಇದು ಸಮುದ್ರತೀರದ ಮಂಗಳೂರಲ್ಲ) ಕಿರದಳ್ಳಿ ತಾಂಡಾ ಎಂಬ ಲಂಬಾಣಿಗರ ವಸತಿಯಿದೆ. ಅಲ್ಲಿಯವರ ಅಂಗೈ ಅಂಗಾಲುಗಳು ಗಂಟುಗಂಟಾಗಿ ಒರಟಾಗುತ್ತಾ, ಮೈಮೇಲೆ ಧೂಳಿನ ನೆಲದಲ್ಲಿ ಬಿದ್ದ ಮಳೆಹನಿಗಳಂತೆ ಚುಕ್ಕೆಗಳು ಏಳುತ್ತಾ ಬಂದವು. ಕಾರಣವು ನೀರಿನಲ್ಲಿದ್ದ ಪಾಷಾಣ, ಅಂದರೆ ವಿದ್ವಾಂಸರು ಆರ್ಸೆನಿಕ್ ಎಂದು ಕರೆಯುವ ವಿಷ. ಆ ಚಿನ್ನದ ಸೀಮೆಯನ್ನು ಕುರಿತು 2013ರಲ್ಲಿ ಪ್ರಕಟವಾದ ಒಂದು ಶೋಧನೆಯ ಪ್ರಕಾರ, ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79 ಪಾಲು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮೇರೆಯನ್ನು ಮೀರಿತ್ತು. ಎಲ್ಲಕ್ಕಿಂತ ಕೆಟ್ಟದ್ದರಲ್ಲಿ 303 ಇತ್ತು. ಪರೀಕ್ಷೆಗೆ ಬಂದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳನ್ನು ಅಳೆದಾಗ 6ರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗಿಂತಲೂ ಹೆಚ್ಚು ಪಾಷಾಣ ಸಿಕ್ಕಿತು. ಸಾಧಾರಣವಾದ ಮಣ್ಣಿನಲ್ಲಿ ಅದು ಹತ್ತರ ಆಸುಪಾಸು ಇಲ್ಲವೆ ಇನ್ನೂ ಕಡಿಮೆ. ಹಳೆಯ ಗಣಿಯ ಕಸವು ಬಂದು ಬಿದ್ದದ್ದರಿಂದ ಮಣ್ಣಿಗೆ ಹೀಗಾಗಿರಬಹುದೆಂದು ಶೋಧಕರು ಬರೆದರು.

ಈಗ ಸೂಕ್ಷ್ಮಜೀವಿಗಳ ಮಾತಿಗೆ ಬರೋಣ. ನಮ್ಮ ಮಣ್ಣು ಅವುಗಳಿಂದ ತುಂಬಿದೆ. ಒಂದು ಚಿಟಿಕೆ ಮಣ್ಣಿನಲ್ಲಿ ಅವು ಕೋಟಿಗಟ್ಟಲೆ ಇರುವವು. ಹಾಲಿಗೆ ಹಾಕಿದ ಹೆಪ್ಪು ರಾತ್ರಿಯೊಳಗೆ ಮೊಸರಾಗುವದೂ, ತಿಪ್ಪೆಯ ಸೆಗಣಿ ಕಸಗಳು ಕೊಳೆತು ಗೊಬ್ಬರವಾಗುವದೂ ಅವುಗಳ ಕೆಲಸವೇ. ಸತ್ತ ಎತ್ತನ್ನು ಹೂತ ಸ್ಥಳದಲ್ಲಿ ಕೆಲವು ವರುಷಗಳ ಬಳಿಕ ಒಳ್ಳೇ ಬೆಳೆ ಬರುವದನ್ನು ನೀವು ನೋಡಿದ್ದೀರಿ. ಗೋಗಿಯ ಅರಸರ ದೇಹಗಳನ್ನೂ ಅವು ಬಡವನ ದೇಹದಂತೆಯೇ ಮಣ್ಣಿಗೆ ಸೇರಿಸಿದವು. ಈ ಕಾರಣದಿಂದಲೇ, ಎಲ್ಲವನ್ನೂ ಅರಗಿಸಿಕೊಳ್ಳುವ ಭೂಮಿಯು ನಂಜನ್ನೂ ಅರಗಿಸಿಕೊಳ್ಳಲಾರದೇ ಎಂದು ಮನಸ್ಸಿಗೆ ತೋರುವದು.

ಆದರೆ ಇಲ್ಲಿ ಒಂದು ದೊಡ್ಡ ಭೇದವಿದೆ. ಸೆಗಣಿಯಾಗಲಿ ಹೆಣವಾಗಲಿ ಅನೇಕ ಮೂಲವಸ್ತುಗಳು ಕೂಡಿ ಆದದ್ದು. ಸೂಕ್ಷ್ಮಜೀವಿಯು ಆ ಕೂಟವನ್ನು ಬಿಡಿಸಿಬಿಟ್ಟರೆ ಅದು ಸೆಗಣಿಯೂ ಅಲ್ಲ, ಹೆಣವೂ ಅಲ್ಲ. ಸೀಸ, ಪಾದರಸ, ಪಾಷಾಣ, ಯುರೇನಿಯಂ ಮೊದಲಾದವುಗಳಾದರೋ ತಾವೇ ಮೂಲವಸ್ತುಗಳು. ಅವುಗಳನ್ನು ಸುಟ್ಟರೂ ಕುದಿಸಿದರೂ ಕೊಳೆಯಿಸಿದರೂ ಅವು ಇಲ್ಲದೆ ಹೋಗುವದಿಲ್ಲ. ಪಾಷಾಣವಿರುವ ನೀರನ್ನು ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುವದೇ ಹೊರತು ಪಾಷಾಣವು ಕಡಿಮೆಯಾಗದೆ, ಉಳಿದ ನೀರು ಮೊದಲಿಗಿಂತ ಕೆಟ್ಟದ್ದಾಗುವದು. ಈ ಮಾತನ್ನು ನಮ್ಮ ತಾಯಂದಿರು ಚೆನ್ನಾಗಿ ನೆನಪಿನಲ್ಲಿಡಬೇಕು. ಆದದರಿಂದ ಸೂಕ್ಷ್ಮಜೀವಿಗಳು ಲೋಹವನ್ನು ತಿಂದು ಮುಗಿಸುತ್ತವೆಂಬ ಮಾತು ಸತ್ಯವಲ್ಲ.

ಹಾಗಾದರೆ ಅವು ಮಾಡುವದೇನು? ಲೋಹದ ರೂಪವನ್ನು ಬದಲಾಯಿಸಿ ಅದನ್ನು ಕಟ್ಟಿಹಾಕುತ್ತವೆ. 1987ರಲ್ಲಿ ಡೆರೆಕ್ ಲವ್ಲಿ ಎಂಬ ವಿಜ್ಞಾನಿಯು ಅಮೇರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ, ಗಾಳಿಯಿಲ್ಲದೆ ಬದುಕಿ ತುಕ್ಕನ್ನೇ ಉಸಿರಾಟಕ್ಕೆ ಉಪಯೋಗಿಸುವ ಒಂದು ಜೀವಿಯನ್ನು ಕಂಡನು. ಅದಕ್ಕೆ ಜಿಯೊಬ್ಯಾಕ್ಟರ್ ಎಂದು ಹೆಸರಾಯಿತು. ನೀರಿನಲ್ಲಿ ಕರಗಿ ಹರಿದಾಡುವ ಯುರೇನಿಯಂ ಅನ್ನು ಈ ಜಾತಿಯ ಜೀವಿಗಳು ಕರಗದ ರೂಪಕ್ಕೆ ತಿರುಗಿಸಿ ಮರಳಿನ ಕಣಗಳ ನಡುವೆ ನಿಲ್ಲಿಸಿಬಿಡುತ್ತವೆಂದು ಆಮೇಲೆ ಗೊತ್ತಾಯಿತು. ಅಮೇರಿಕದ ಕಾಲೊರಾಡೊ ಸೀಮೆಯ ರೈಫಲ್ ಎಂಬ ಊರಿನಲ್ಲಿ ಯುರೇನಿಯಂ ಅದಿರನ್ನು ಅರೆದ ಹಳೆಯ ಸ್ಥಳವೊಂದಿತ್ತು. 2002ರಲ್ಲಿ ಅಲ್ಲಿಯ ಅಂತರ್ಜಲಕ್ಕೆ ಅಸಿಟೇಟ್ ಎಂಬ, ಹುಳಿರಸದ ಜಾತಿಯ ಆಹಾರವನ್ನು ಹಾಕಿ ಆ ಜೀವಿಗಳನ್ನು ಬೆಳೆಸಿ ನೋಡಿದರು. ಸುಮಾರು 50 ದಿವಸಗಳೊಳಗೆ ನೀರಿನಲ್ಲಿದ್ದ ಯುರೇನಿಯಂ ಬಹಳವಾಗಿ ಇಳಿಯಿತು. ಆದರೆ ಆ ಜೀವಿಗಳಿಗೆ ಬೇಕಾದ ಸ್ಥಿತಿ ಬದಲಾಗಿ ಬೇರೆ ಜಾತಿಯ ಜೀವಿಗಳು ಅವುಗಳ ಸ್ಥಾನವನ್ನು ಆಕ್ರಮಿಸಿದಾಗ ಅದು ತಿರಿಗಿ ಏರಲಾರಂಭಿಸಿತು. ಕಟ್ಟಿದವು ಕಟ್ಟಿದ್ದು ನಿಜ. ಆದರೆ ಕಟ್ಟನ್ನು ಕಾಯುವವರಿಲ್ಲದಿದ್ದರೆ ಅದು ಸಡಿಲಾಗುವದೂ ನಿಜ.

ಪಾಷಾಣದ ವಿಷಯದಲ್ಲಿಯೂ ಹೀಗೆಯೇ. ಗಾಳಿಯಾಡುವ ಒಣ ಹೊಲದಲ್ಲಿ ಅದು ಮಣ್ಣಿನ ತುಕ್ಕಿಗೆ ಅಂಟಿಕೊಂಡಿರುವದು, ಮತ್ತು ಹಾಗೆ ಅಂಟುವದಕ್ಕೆ ಕೆಲವು ಸೂಕ್ಷ್ಮಜೀವಿಗಳು ಸಹಾಯ ಮಾಡುವವು. ಆದರೆ ಭತ್ತಕ್ಕಾಗಿ ನೀರು ಕಟ್ಟಿದ ಗದ್ದೆಯಲ್ಲಿ ಗಾಳಿ ಇಲ್ಲದೆ ಹೋಗಿ, ಬೇರೆ ಸೂಕ್ಷ್ಮಜೀವಿಗಳು ಆ ತುಕ್ಕನ್ನೇ ಕರಗಿಸಿ ಪಾಷಾಣವನ್ನು ಬಿಡಿಸಿಬಿಡುವವು, ಭತ್ತದ ಬೇರು ಅದನ್ನು ಹೀರುವದು. ನಾರಾಯಣಪುರದ ಕಾಲುವೆ ಬಂದ ಮೇಲೆ ಜೋಳ ತೊಗರಿಗಳ ನೆಲದಲ್ಲಿ ಭತ್ತವನ್ನು ಕಂಡಿರುವ ನಮ್ಮ ರೈತರಿಗೆ ಇದು ತಿಳಿದಿರಬೇಕಾದ ಮಾತು. ಗದ್ದೆಯನ್ನು ನಡುನಡುವೆ ಒಣಗಿಸಿ ನೀರು ಹಾಯಿಸಿದರೆ ಅಕ್ಕಿಗೆ ಹೋಗುವ ಪಾಷಾಣವು ಕಡಿಮೆಯಾಗುವದು. ಆದರೆ ಆ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹವಿದ್ದರೆ ಅದು ಹೆಚ್ಚಾಗಿ ಹೋಗಬಹುದು. ಇನ್ನೊಂದು ಉದಾಹರಣೆಯನ್ನು ಕೇಳಿರಿ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ದೊರೆಯುವ ಅದಿರಿನಲ್ಲಿ ಚಿನ್ನವು ಪಾಷಾಣ ಗಂಧಕಗಳಿರುವ ಕಲ್ಲಿನೊಳಗೆ ಸೆರೆಯಾಗಿರುವದುಂಟು. ಆ ಕಲ್ಲನ್ನು ಕರಗಿಸಿ ಚಿನ್ನವನ್ನು ಬಿಡಿಸುವದಕ್ಕೆ ಸೂಕ್ಷ್ಮಜೀವಿಗಳನ್ನೇ ಕೆಲಸಕ್ಕೆ ಹಚ್ಚುವ ಪ್ರಯೋಗಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ಹೀಗೆ ಒಂದು ಕಡೆ ನಂಜನ್ನು ಕಟ್ಟುವ ಕುಲವೇ ಇನ್ನೊಂದು ಕಡೆ ಅದನ್ನು ಬಿಚ್ಚುವದು. ಈ ಜೀವಿಗಳಿಗೆ ಧರ್ಮಾಧರ್ಮದ ವಿವೇಕವಿಲ್ಲ. ಅವು ತಮಗೆ ಗೊತ್ತುಮಾಡಿದ ಸ್ವಭಾವದಂತೆ ನಡೆಯುವವು. ವಿವೇಕವು ಕೊಡಲ್ಪಟ್ಟದ್ದು ಮನುಷ್ಯನಿಗೆ.

ಮಣ್ಣಿನಿಂದ ನಂಜನ್ನು ಹೊರಗೆ ತೆಗೆಯುವ ಮಾರ್ಗವೇ ಇಲ್ಲವೋ ಎಂದು ನೀವು ಕೇಳಬಹುದು. ಇದೆ. ಒಂದು ಜಾತಿಯ ಜರೀಗಿಡವು ಪಾಷಾಣವನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ಕೂಡಿಸಿಡುವದನ್ನು 2001ರಲ್ಲಿ ಅಮೇರಿಕದ ಫ್ಲೋರಿಡಾ ಸೀಮೆಯ ವಿದ್ವಾಂಸರು ಪ್ರಕಟಿಸಿದರು. ಬೇರಿನ ಬಳಿಯ ಸೂಕ್ಷ್ಮಜೀವಿಗಳು ಇಂಥ ಗಿಡಗಳಿಗೆ ಸಹಾಯ ಮಾಡಬಲ್ಲವು. ಆದರೆ ಕೊಯ್ದ ಎಲೆಗಳನ್ನು ಎಲ್ಲಿ ಹಾಕುವಿರಿ? ತಿಪ್ಪೆಗೆ ಹಾಕಿದರೆ ಹೊಲಕ್ಕೇ ತಿರಿಗಿ ಬರುವದು. ದನಕ್ಕೆ ಹಾಕಿದರೆ ದನ ಕೆಡುವದು. ಒಲೆಯಲ್ಲಿ ಸುಟ್ಟರೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಮನೆಗೇ ಸೇರುವದು. ನಂಜು ಸ್ಥಳವನ್ನು ಬದಲಾಯಿಸಿತೇ ಹೊರತು ಲೋಕವನ್ನು ಬಿಟ್ಟುಹೋಗಲಿಲ್ಲ. ಯಾರಾದರೂ ಅದನ್ನು ಜಾಗ್ರತೆಯಾಗಿ ಇಡತಕ್ಕ ಸ್ಥಳದಲ್ಲಿ ಇಟ್ಟು ಕಾಯಬೇಕು.

ಇಷ್ಟು ತಿಳಿದ ಬಳಿಕ ಆ ಸಹೋದರರ ಪ್ರಶ್ನೆಗೆ ಬರುತ್ತೇನೆ. ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ನ್ಯಾಯಗಳಲ್ಲಿ ಒಕ್ಕಲಿಗನಾದವನು ಕೂಡಲೆ ತಿಳುಕೊಳ್ಳುವಂಥ ಒಂದು ನ್ಯಾಯವಿದೆ. ಎಂದೂ ಹಾಯದಿದ್ದ ಎತ್ತು ಒಂದು ದಿನ ಫಕ್ಕನೆ ಒಬ್ಬನನ್ನು ಹಾಯ್ದು ಕೊಂದರೆ ಎತ್ತಿನ ಯಜಮಾನನು ಅಪರಾಧಿಯಲ್ಲ. ಆದರೆ ಅದು ಹಾಯುವ ಎತ್ತೆಂದು ಅವನಿಗೆ ಮೊದಲೇ ತಿಳಿಸಿದ್ದರೂ ಅವನು ಅದನ್ನು ಕಟ್ಟಿಹಾಕದೆ ಬಿಟ್ಟರೆ ಆ ರಕ್ತಕ್ಕೆ ಅವನೇ ಉತ್ತರವಾದಿ. ಎತ್ತು ಒಂದೇ, ಕೊಂಬು ಒಂದೇ. ಇಬ್ಬರ ನಡುವೆ ಇರುವ ಭೇದವು ತಿಳುವಳಿಕೆ ಮಾತ್ರ. ತನ್ನ ನೀರಿನಲ್ಲಿ ಪಾಷಾಣವಿದೆಯೆಂದು ತಿಳಿಯದೆ ಮೂವತ್ತು ವರುಷ ಬೆಳೆದು ಮಾರಿದ ರೈತನನ್ನು ದೇವರು ಕೊಲೆಗಾರನೆಂದು ಎಣಿಸುವದಿಲ್ಲವೆಂದು ನಾನು ನಂಬುತ್ತೇನೆ. ತಿಳಿಸಲ್ಪಟ್ಟ ದಿನದಿಂದ ಲೆಕ್ಕವೇ ಬೇರೆ.

ಸೂಕ್ಷ್ಮಜೀವಿಗಳ ಉಪಾಯವು ಈ ಎತ್ತಿಗೆ ಹಾಕಿದ ಹಗ್ಗದಂತಿದೆ. ಹಗ್ಗವು ಒಳ್ಳೆಯದು. ಹಾಯುವ ಎತ್ತನ್ನು ಕಟ್ಟದೆ ಬಿಡುವವನು ಮೂರ್ಖನು. ಆದರೆ ಹಗ್ಗವು ಎತ್ತಿನ ಗುಣವನ್ನು ಬದಲಾಯಿಸದು, ಕೊಂಬನ್ನು ಕೀಳದು. ಅದು ಸವೆಯುವದು, ಮಳೆಯಲ್ಲಿ ಕೊಳೆಯುವದು. ದಿನಾಲೂ ನೋಡಿ ಬಿಗಿಮಾಡಬೇಕು. ಈಗ ನಾನು ನಿಮ್ಮನ್ನು ಕೇಳುತ್ತೇನೆ: ಹಾಯುವ ಎತ್ತಿಗೆ ಗಟ್ಟಿಯಾದ ಹಗ್ಗ ಹಾಕಿ ದನದ ಸಂತೆಗೆ ಒಯ್ದು, ಕೊಳ್ಳುವವನಿಗೆ ಅದರ ಗುಣವನ್ನು ಹೇಳದೆ, ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು ಹಣ ಎಣಿಸಿಕೊಂಡು ಬರುವವನನ್ನು ನೀವು ಏನೆಂದು ಕರೆಯುವಿರಿ? ಎತ್ತನ್ನು ಕಟ್ಟಿಯೇ ಕೊಟ್ಟೆನಲ್ಲವೇ ಎಂದು ಅವನು ಹೇಳಿದರೆ ಪಂಚರು ಒಪ್ಪುವರೋ? ಅವನ ಮಾತು ಸುಳ್ಳಲ್ಲ, ಆದರೂ ಅವನು ಮೋಸಗಾರನು. ಆದದರಿಂದ, ಹೊಲಕ್ಕೆ ಸೂಕ್ಷ್ಮಜೀವಿಗಳನ್ನು ಹಾಕಿದ್ದೇನೆಂಬ ಒಂದೇ ಧೈರ್ಯದಿಂದ, ಧಾನ್ಯವನ್ನು ಪರೀಕ್ಷಿಸದೆ, ಸುಮ್ಮನೆ ಮಾರುವದು ಸರಿಯಲ್ಲವೆಂಬದು ನನ್ನ ಉತ್ತರ. ಪರೀಕ್ಷೆಯಲ್ಲಿ ಧಾನ್ಯವು ಮೇರೆಯೊಳಗೆ ಬಂದರೆ ಮನಸ್ಸಾಕ್ಷಿಯ ಭಯವಿಲ್ಲದೆ ಮಾರಬಹುದು. ಪರೀಕ್ಷೆಯಾಗುವ ವರೆಗೆ, ನಮ್ಮ ಮನೆಯ ಮಗುವಿನ ತಟ್ಟೆಯಲ್ಲಿ ಬಡಿಸಲು ಅಂಜುವದನ್ನು ಪರರ ಮಗುವಿನ ತಟ್ಟೆಗೆ ಮಾರಬಾರದು.

ಇಲ್ಲಿ ಆ ಸಹೋದರರು ಒಪ್ಪದೆ, “ಹೇಳುವದು ಸುಲಭ. ನನ್ನ ಹೊಲದಲ್ಲಿ ನಂಜು ಇದೆಯೆಂದು ನಾನೇ ಬಾಯಿಬಿಟ್ಟು ಹೇಳಿದರೆ ಧಾನ್ಯವನ್ನು ಕೊಳ್ಳುವವರಿಲ್ಲ, ಹೊಲವನ್ನು ಕೇಳುವವರಿಲ್ಲ, ನನ್ನ ಮನೆಯಿಂದ ಹೆಣ್ಣು ತರುವವರೂ ಇಲ್ಲ. ಆಗ ಸಭೆ ನನಗೆ ಅನ್ನ ಹಾಕುವದೋ?” ಎಂದು ಕೇಳಬಹುದು. ಇದು ಗಟ್ಟಿಯಾದ ಮಾತು. ಇದಕ್ಕೆ ಒಂದು ಉಪದೇಶವನ್ನು ಓದಿ ಕಳುಹಿಸಿಬಿಡುವದು ನಾಚಿಕೆಗೇಡು. ಸತ್ಯವನ್ನು ಹೇಳೆಂದು ಬಡವನಿಗೆ ಬೋಧಿಸಿ, ಸತ್ಯದ ನಷ್ಟವನ್ನು ಅವನೊಬ್ಬನ ತಲೆಯ ಮೇಲೆಯೇ ಹೊರಿಸುವ ಸಭೆಯು ತಾನೇ ಅವನನ್ನು ಸುಳ್ಳಿಗೆ ದೂಡುತ್ತದೆ. ಸತ್ಯವು ಎಲ್ಲರಿಗೂ ಬೇಕಾದರೆ ಅದರ ಭಾರವನ್ನೂ ಎಲ್ಲರೂ ಹೊರಬೇಕು. ಒಬ್ಬನ ಹೊಲ ಕೆಟ್ಟದ್ದೆಂದು ಗೊತ್ತಾದರೆ, ಒಳ್ಳೇ ಹೊಲವುಳ್ಳ ಸಹೋದರನು ಅವನಿಗೆ ಒಂದು ಪಾಲಿಗೆ ನೆಲ ಕೊಡಲಿ. ಸಭೆಯ ಕಾಣಿಕೆಯಲ್ಲಿ ಪರೀಕ್ಷೆಯ ಖರ್ಚನ್ನು ಕೊಡಲಿ. ಇಂಥದನ್ನು ಮಾಡಲು ಮನಸ್ಸಿಲ್ಲದವರು ಆ ರೈತನನ್ನು ದೂರುವದಕ್ಕೂ ಬಾಯಿತೆರೆಯದಿರಲಿ.

ಇನ್ನೂ ಎರಡು ತಪ್ಪು ಯೋಚನೆಗಳು ನಮ್ಮೊಳಗೆ ಹರಡಿವೆ. ಒಂದನೆಯದು, ನಂಜು ಬಂದ ಊರಿನವರು ಏನೋ ಪಾಪ ಮಾಡಿದ್ದಾರೆ, ಅದರ ಫಲವನ್ನು ಉಣ್ಣುತ್ತಾರೆ ಎಂಬದು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ, ಕರ್ತನು ಎರಡನ್ನೂ ಒಪ್ಪದೆ ಅವನ ಕಣ್ಣುಗಳನ್ನು ವಾಸಿಮಾಡುವ ಕೆಲಸಕ್ಕೆ ಕೈಹಾಕಿದನು, ಅದೂ ಮಣ್ಣನ್ನೇ ಕಲಸಿ. ಬಂಗಾಳದ ಸೀಮೆಯಲ್ಲಿ ಪಾಷಾಣದ ನೀರಿನಿಂದ ಮೈಯಲ್ಲಿ ಚುಕ್ಕೆಯೆದ್ದವರನ್ನು ಕುಷ್ಠರೋಗಿಗಳೆಂದು ತಿಳಿದು ನೆರೆಯವರು ದೂರಮಾಡಿದ್ದುಂಟು. ಈ ರೋಗವು ಮುಟ್ಟಿದರೆ ಹತ್ತುವದಲ್ಲ. ತಾಂಡಾದವರ ಕೈಯಿಂದ ತೆಗೆದುಕೊಳ್ಳಲು ನಮ್ಮಲ್ಲಿ ಯಾರಾದರೂ ಹಿಂಜರಿದರೆ, ನಮ್ಮ ಹಿರಿಯರಲ್ಲಿ ಅನೇಕರು ಒಂದು ಕಾಲದಲ್ಲಿ ಊರ ಬಾವಿಯಿಂದ ದೂರ ನಿಲ್ಲಿಸಲ್ಪಟ್ಟು, ಯಾರಾದರೂ ಕೊಡಕ್ಕೆ ನೀರು ಹೊಯ್ಯುವರೋ ಎಂದು ಬಿಸಿಲಲ್ಲಿ ಕಾದದ್ದನ್ನು ಜ್ಞಾಪಕಕ್ಕೆ ತಂದುಕೊಳ್ಳಲಿ. ಒಳ್ಳೇ ನೀರಿನ ಬಾವಿಯು ಯಾರ ಕೇರಿಯಲ್ಲಿದ್ದರೂ ಅದು ಎಲ್ಲರಿಗೂ ದೇವರು ಕೊಟ್ಟದ್ದೇ.

ಎರಡನೆಯದು, ಬಂಡೆಯಿಂದ ಬಂದ ನಂಜಿಗೂ ಮನುಷ್ಯನು ತಂದ ನಂಜಿಗೂ ಭೇದವನ್ನು ನೋಡದೆ, ಎಲ್ಲವೂ ದೇವರ ಚಿತ್ತವೆನ್ನುವದು. ಕಲ್ಲಿನಿಂದ ತಾನಾಗಿ ಕರಗಿಬಂದದ್ದಕ್ಕೆ ಯಾರನ್ನೂ ದೂರಲಾಗದು. ಅಲ್ಲಿ ನಮ್ಮ ಕೆಲಸ ಎಚ್ಚರಿಕೆ ಮಾತ್ರ. ಆದರೆ ಅದೇ ನ್ಯಾಯಶಾಸನದಲ್ಲಿ ಕುಣಿಯ ನ್ಯಾಯವೂ ಇದೆ: ಕುಣಿಯನ್ನು ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಎತ್ತು ಕತ್ತೆಗಳ ಬೆಲೆಯನ್ನು ಕೊಡಬೇಕು. ಚಿನ್ನವನ್ನು ಒಯ್ದವರು ಕಸವನ್ನು ಬಿಟ್ಟುಹೋದಲ್ಲಿ, ಆ ಕಸವನ್ನು ಸೂಕ್ಷ್ಮಜೀವಿಗಳು ನೋಡಿಕೊಳ್ಳುವವೆಂದು ಕೈತೊಳೆದುಕೊಳ್ಳುವದು ಕುಣಿಯ ಯಜಮಾನನ ಮಾತೇ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಒಂದು ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಅಲ್ಲಿಯ ಅಕ್ಕಿ ನೀರುಗಳಿಂದ ಜನರ ಎಲುಬುಗಳು ಮುರಿಯುವ ನೋವಿನ ರೋಗ ಬಂತು. 1968ರಲ್ಲಿ ಅಲ್ಲಿಯ ಸರಕಾರವು ಕಾರಣವನ್ನು ಒಪ್ಪಿತು. ರೈತರು ನ್ಯಾಯಾಲಯದಲ್ಲಿ ಗೆದ್ದರು. ಕೆಟ್ಟ ಗದ್ದೆಗಳ ಮಣ್ಣನ್ನು ಬದಲಾಯಿಸುವ ಕೆಲಸವು 2012ರ ವರೆಗೂ ನಡೆಯಿತು. ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡ ದಿನ, ತಾನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುವೆನೆಂದನು. ಕ್ಷಮೆ ದೊರೆತದ್ದರಿಂದ ಸಾಲವು ತೀರಿತೆಂದು ಅವನು ಎಣಿಸಲಿಲ್ಲ. ನಾವಾದರೂ ನಿರ್ದೋಷಿಗಳೋ? ರಂಜಕದ ಗೊಬ್ಬರಗಳಲ್ಲಿ ಸ್ವಲ್ಪ ಸ್ವಲ್ಪ ಕ್ಯಾಡ್ಮಿಯಂ ಇರುವದುಂಟು. ಬೇಕಾದದ್ದಕ್ಕಿಂತ ಹೆಚ್ಚು ಸುರಿದರೆ ಅದು ಮಕ್ಕಳ ಕಾಲಕ್ಕೆ ಕೂಡಿಬರುವದು.

ಕೊನೆಯದಾಗಿ ಕೈಯಿಂದ ಮಾಡತಕ್ಕ ಕೆಲವು ಕೆಲಸಗಳನ್ನು ಹೇಳುವೆನು. ಸಂಶಯವಿರುವ ಬಾವಿಯ ನೀರನ್ನು ಮೊದಲು ಪರೀಕ್ಷಿಸಿರಿ, ಕುಡಿಯುವದಕ್ಕೂ ಅಡಿಗೆಗೂ ಬೇರೆ ನೀರನ್ನು ತನ್ನಿರಿ. ಹೊಲಕ್ಕಿಂತ ಮೊದಲು ನೀರು, ಯಾಕಂದರೆ ನಂಜು ಹೆಚ್ಚಾಗಿ ಆ ದಾರಿಯಿಂದಲೇ ಮೈಗೆ ಸೇರುವದು. ಸರಕಾರದಿಂದ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಸತು, ಕಬ್ಬಿಣ ಮೊದಲಾದವುಗಳ ಲೆಕ್ಕವಿರುವದೇ ಹೊರತು ಪಾಷಾಣದ ಇಲ್ಲವೆ ಯುರೇನಿಯಮಿನ ಲೆಕ್ಕವಿರುವದಿಲ್ಲ. ಆದದರಿಂದ ಆ ಚೀಟಿಯನ್ನು ನೋಡಿ ಹೊಲ ಶುದ್ಧವೆಂದು ತಿಳಿಯದೆ, ಭೀಮರಾಯನಗುಡಿಯ ಕೃಷಿ ಕಾಲೇಜಿನವರನ್ನು ಕಂಡು ಈ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಕೇಳಿರಿ. ಸೀಸೆಯಲ್ಲಿ ಸೂಕ್ಷ್ಮಜೀವಿಗಳನ್ನು ತಂದು ಮಾರುವವನು ಬಂದರೆ, ಇದು ಯಾವ ಲೋಹಕ್ಕೆ, ಯಾವ ಮಣ್ಣಿಗೆ, ಎಷ್ಟು ದಿನ ನಿಲ್ಲುವದು, ಹಾಕುವ ಮುಂಚೆಯೂ ಹಾಕಿದ ಮೇಲೆಯೂ ಪರೀಕ್ಷೆ ಮಾಡಿ ತೋರಿಸುವೆಯೋ ಎಂದು ಕೇಳಿರಿ. ಉತ್ತರ ಕೊಡಲಾರದವನಿಗೆ ಹಣ ಕೊಡಬೇಡಿರಿ. ಹೊಲ ಕೆಟ್ಟದ್ದೆಂದು ಗೊತ್ತಾದರೆ ಅಲ್ಲಿ ಊಟದ ಧಾನ್ಯವನ್ನು ಬಿಟ್ಟು ಹತ್ತಿಯನ್ನು ಬೆಳೆಯಬಹುದು. ಆದರೆ ಹತ್ತಿಕಾಳನ್ನೂ ಹಿಂಡಿಯನ್ನೂ ಪರೀಕ್ಷಿಸದೆ ದನಗಳಿಗೆ ಹಾಕಬಾರದು.

ಯೆರಿಕೋ ಪಟ್ಟಣದವರು ಎಲೀಷನ ಬಳಿಗೆ ಬಂದು ತಮ್ಮ ಊರಿನ ನೆಲೆ ಒಳ್ಳೆಯದು, ಆದರೆ ನೀರು ಕೆಟ್ಟದ್ದು, ಭೂಮಿಯು ಫಲಕೊಡುವದಿಲ್ಲವೆಂದು ಹೇಳಿಕೊಂಡರು. ಪ್ರವಾದಿಯು ಹೊಸ ಪಾತ್ರೆಯಲ್ಲಿ ಉಪ್ಪನ್ನು ತರಿಸಿ, ನೀರಿನ ಬುಗ್ಗೆಗೇ ಹೋಗಿ ಅಲ್ಲಿ ಹಾಕಿದನು, ಮತ್ತು ದೇವರು ಆ ನೀರನ್ನು ವಾಸಿಮಾಡಿದನು. ಈ ಚರಿತ್ರೆಯನ್ನು ನಾನು ಅನೇಕ ಸಾರಿ ಬೋಧಿಸಿದ್ದರೂ ಅದರ ಮೊದಲನೆಯ ಮಾತನ್ನು ಈಗಲೇ ಗಮನಿಸಿದೆನು. ಅದ್ಭುತಕ್ಕಿಂತ ಮುಂಚೆ ಊರವರ ಅರಿಕೆಯಿದೆ. ತಮ್ಮ ಊರಿನ ನೀರು ಕೆಟ್ಟದ್ದೆಂದು ಅವರು ತಾವೇ ಬಾಯಿಬಿಟ್ಟು ಹೇಳಿದರು. ನಮ್ಮ ಪಾಪವನ್ನಾದರೋ ದೇವರು ಇಲ್ಲದಂತೆ ಮಾಡಬಲ್ಲನು. ಮಣ್ಣಿನ ನಂಜನ್ನು ಕಟ್ಟಿಹಾಕುವದಕ್ಕೆ ಮಾತ್ರ ಆತನು ಕಣ್ಣಿಗೆ ಕಾಣದ ಸೇವಕರನ್ನು ಕೊಟ್ಟು, ಕಾಯುವ ಕೆಲಸವನ್ನೂ ನಿಜ ಹೇಳುವ ಕೆಲಸವನ್ನೂ ನಮಗೆ ಬಿಟ್ಟಿದ್ದಾನೆ.

ಕಾಕಾ, ಕಟ್ಟೆಯ ಮೇಲೆ ನೀವು ಕೇಳಿದ ಮಾತಿಗೆ ನನ್ನ ಉತ್ತರವು ಇಷ್ಟೇ. ಮುಂದಿನ ಕರ್ತನ ದಿನ ಆರಾಧನೆಯ ಬಳಿಕ ನಿಮ್ಮ ಬಾವಿಯ ನೀರನ್ನು ಒಂದು ತೊಳೆದ ಸೀಸೆಯಲ್ಲಿ ತನ್ನಿರಿ. ನಾನೂ ನಮ್ಮ ಬಾವಿಯದನ್ನು ತರುವೆನು. ಇಬ್ಬರೂ ಕೂಡಿ ಒಯ್ದು ಪರೀಕ್ಷೆಗೆ ಕೊಟ್ಟುಬರೋಣ. ದೇವರು ನಮ್ಮ ನೆಲವನ್ನೂ ನಮ್ಮ ನಾಲಿಗೆಗಳನ್ನೂ ಕಾಪಾಡಲಿ.